ಮೊದಲು ನಮ್ಮ ಬೀದಿ

ಬೇಸಿಗೆಯ ನಡುಹಗಲು, ಬೀದಿನಾಯಿಗಳು ನೆರಳು ಹುಡುಕಿ ನಾಲಿಗೆ ಚಾಚಿ ಮಲಗಿರುವ ಹೊತ್ತಿನಲ್ಲಿ, ಬೆಳಗಿನ ಪಾಳಿ ಮುಗಿಸಿ ಉಣ್ಣೆಯ ಕೋಟು ತೊಟ್ಟು ಬೀದಿಯ ತುದಿಯಿಂದ ನಡೆದು ಬರುವ ಹೆಂಗಸೆಂದರೆ ನನ್ನ ದೊಡ್ಡಮ್ಮ ಒಬ್ಬಳೇ. ಅಪ್ಪನ ಅಣ್ಣನ ಹೆಂಡತಿ ಅವಳು. ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರು. ಊರಿಗೆಲ್ಲ ಕರೆಂಟು ಹಂಚುವ ಕಂಟ್ರೋಲ್ ರೂಮಿನಲ್ಲಿ ಯಂತ್ರಗಳು ಬಿಸಿಯಾಗಬಾರದೆಂದು ವರ್ಷವಿಡೀ ಏಸಿ ಓಡುತ್ತಿತ್ತು. ಅಲ್ಲಿ ಕೂತ ಮನುಷ್ಯರು ನಡುಗಿದರೆ ಇಲಾಖೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ತಲೆಗೊಂದು ಕೋಟು ಕೊಟ್ಟು ಕೈತೊಳೆದುಕೊಂಡಿತ್ತು. ಕೋಟು ಗಂಡಸರ ಅಳತೆಯದು. ದೊಡ್ಡಮ್ಮ ಆ ಕೋಣೆಗೆ ಮೊದಲ ಸಲ ಕಾಲಿಟ್ಟಾಗ ಅಲ್ಲಿ ಹೆಂಗಸರಿಗೆಂದು ಮಾಡಿಟ್ಟದ್ದು ಏನೂ ಇರಲಿಲ್ಲವಂತೆ, ಶೌಚಾಲಯವೂ ಸೇರಿ. ಶೌಚಾಲಯಕ್ಕಾಗಿ ಅವಳು ಜಗಳವಾಡಿ ಗೆದ್ದಳು. ಕೋಟಿನ ವಿಷಯದಲ್ಲಿ ಜಗಳವಾಡದೆ ತೋಳು ಮಡಿಚಿಕೊಂಡಳು. ಆ ಮಡಿಕೆ ಎಷ್ಟು ವರ್ಷ ಹಾಗೇ ಉಳಿಯಿತೆಂದರೆ, ಕೊನೆಗೆ ಇಸ್ತ್ರಿಪೆಟ್ಟಿಗೆಗೂ ಬಗ್ಗದಂಥ ಗಟ್ಟಿ ಗೆರೆ ಅಲ್ಲಿ ಕೂತುಬಿಟ್ಟಿತ್ತು.

ಮನೆಗೆ ಬಂದ ಮೇಲೂ ಅವಳಿಗೆ ಕೋಟು ಕಳಚುವುದು ನೆನಪಾಗುತ್ತಿರಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತ ನನಗೆ ಹೇಳುತ್ತಿದ್ದಳು: "ನಿಮ್ಮ ದೊಡ್ಡಮ್ಮ ಚಳಿಗಾಲದಿಂದ ಬಂದಿದ್ದಾರೆ, ಹೋಗು, ನೀರು ಕೊಡು."

ಅವಳ ನಡಿಗೆಯನ್ನೂ ಆ ಕೋಣೆಯೇ ತಿದ್ದಿತ್ತು. ಅಲ್ಲಿ ನೆಲದ ಮೇಲೆ ಹೆಬ್ಬಾವಿನಂಥ ಕೇಬಲ್ಲುಗಳು ಅಡ್ಡಡ್ಡ ಹರಿದಾಡುತ್ತಿದ್ದ ಕಾಲದಲ್ಲಿ ಅವಳು ಕೆಲಸಕ್ಕೆ ಸೇರಿದ್ದು. ಆಮೇಲೆ ಅವನ್ನೆಲ್ಲ ನೆಲದಡಿ ಹೂತು ನುಣ್ಣನೆಯ ಹಾಸು ಹಾಕಿದರೂ ಅವಳ ಕಾಲುಗಳಿಗೆ ಆ ಸುದ್ದಿ ಮುಟ್ಟಲಿಲ್ಲ. ಬಯಲಲ್ಲೂ ಬೀದಿಯಲ್ಲೂ ನಮ್ಮ ಹಜಾರದಲ್ಲೂ ಕಾಲನ್ನು ಒಂದಿಷ್ಟು ಮೇಲೆತ್ತಿ, ಏನನ್ನೋ ದಾಟುವಂತೆ ಇಟ್ಟು ನಡೆಯುತ್ತಿದ್ದಳು. ದೊಡ್ಡಪ್ಪ ಕಾಲೇಜಿನ ಮೇಷ್ಟ್ರು, ಹೆಂಡತಿಯ ಹೊರತು ಬೇರೆ ಯಾರನ್ನೂ ಗೇಲಿ ಮಾಡಲು ಧೈರ್ಯವಿಲ್ಲದವರು. "ನನ್ನ ಹೆಂಡ್ತಿ ಬರೋ ದಾರೀಲಿ ಯಾವಾಗ್ಲೂ ಯಾರೋ ಮಲಗಿರ್ತಾರೆ ನೋಡಿ, ಪಾಪ, ಎಚ್ಚರ ಆಗದ ಹಾಗೆ ದಾಟ್ಕೊಂಡು ಬರ್ತಾಳೆ" ಎನ್ನುತ್ತಿದ್ದರು.

ಮಾತಿನಲ್ಲೂ ಒಂದು ರೂಢಿಯಿತ್ತು. ಕಂಟ್ರೋಲ್ ರೂಮಿನಲ್ಲಿ ಫೋನಿನ ಮೇಲೆ ಬಂದ ಯಾವ ಮಾತನ್ನೂ ಕೇಳಿದವರು ಹಾಗೆಯೇ ತಿರುಗಿ ಹೇಳಬೇಕು. ಹೇಳಿ, ಆ ಕಡೆಯವರು ಹೌದೆಂದ ಮೇಲೆ ಮಾತ್ರ ಸ್ವಿಚ್ಚಿಗೆ ಕೈ ಹಾಕಬೇಕು. ತಪ್ಪಾಗಿ ಕೇಳಿಸಿಕೊಂಡರೆ ಎಲ್ಲೋ ಕಂಬದ ಮೇಲೆ ಕೂತವನ ಪ್ರಾಣ ಹೋಗುತ್ತದೆ. ಈ ನಿಯಮ ದೊಡ್ಡಮ್ಮನ ನಾಲಿಗೆಗೆ ಇಳಿದುಬಿಟ್ಟಿತ್ತು. "ಅಕ್ಕ, ಸಾರಿಗೆ ಉಪ್ಪು ಜಾಸ್ತಿ ಆಗಿದೆ, ನೋಡ್ಕೊಂಡು ಹಾಕ್ಕೊಳ್ಳಿ" ಎಂದು ಅಮ್ಮ ಹೇಳಿದರೆ, "ಸಾರಿಗೆ ಉಪ್ಪು ಜಾಸ್ತಿ, ನೋಡ್ಕೊಂಡು ಹಾಕ್ಕೋಬೇಕು, ಸರಿ" ಎಂದು ಗಂಭೀರವಾಗಿ ಹೇಳಿ ಆಮೇಲೆ ತಟ್ಟೆಗೆ ಕೈ ಹಾಕುವಳು. ಮಕ್ಕಳಾದ ನಮಗೆ ಇದು ದೊಡ್ಡ ಆಟ. "ದೊಡ್ಡಮ್ಮ, ನಾನು ಕತ್ತೆ" ಎಂದು ಹೇಳಿ, ಅದನ್ನೇ ಅವಳ ಬಾಯಿಂದ ಹೇಳಿಸಲು ಪ್ರಯತ್ನಿಸುತ್ತಿದ್ದೆವು. ಅವಳು ಕನ್ನಡಕದ ಮೇಲಿಂದ ನೋಡಿ, "ನೀನು ಕತ್ತೆ. ಸರಿ" ಎಂದು ಮುಂದಿನ ತುತ್ತಿಗೆ ಹೋಗುತ್ತಿದ್ದಳು.

ನಮ್ಮ ಮನೆಯಲ್ಲಿ ಆಗ ಮೂವರು ಗಂಡಸರಿದ್ದರು: ದೊಡ್ಡಪ್ಪ, ಅಪ್ಪ ಮತ್ತು ದೊಡ್ಡಮ್ಮ. ಕಹಿಯಾಗಿ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಮೂವರೂ ಬೆಳಿಗ್ಗೆ ಮಡಿಸಿಟ್ಟ ಬಟ್ಟೆ ತೊಟ್ಟು, ತುಂಬಿಟ್ಟ ಡಬ್ಬಿ ಹಿಡಿದು ಹೊರಡುತ್ತಿದ್ದರು; ಬಂದು, ಬಿಚ್ಚಿದ್ದನ್ನು ಬಿಚ್ಚಿದಲ್ಲೇ ಬಿಡುತ್ತಿದ್ದರು. ಆ ಬಟ್ಟೆ ಒಗೆದು ಮಡಿಸಿದವಳು, ಡಬ್ಬಿ ತುಂಬಿದವಳು, ಕುರ್ಚಿಯ ಬೆನ್ನಿನಿಂದ ಉಣ್ಣೆಯ ಕೋಟು ಎತ್ತಿ ಮೊಳೆಗೆ ಹಾಕಿದವಳು ಅಮ್ಮ. ಅಮ್ಮ ಅದಕ್ಕೆ ದೂರು ಹೇಳಿದವಳೂ ಅಲ್ಲ. ಆ ಕಾಲಕ್ಕೆ ಒಬ್ಬ ಹೆಂಗಸು ಅಂಥ ಕೆಲಸಕ್ಕೆ ಹೋಗಬೇಕಾದರೆ ಮನೆಯಲ್ಲಿ ಇನ್ನೊಬ್ಬಳು ಉಳಿಯಲೇಬೇಕಾಗಿತ್ತು. ಉಳಿದವಳಿಗೆ ಅದು ಗೊತ್ತಿತ್ತು. ಹೋದವಳಿಗೆ ಗೊತ್ತಿತ್ತೋ ಇಲ್ಲವೋ ಎಂಬುದು ಬಹಳ ಕಾಲ ಯಾರೂ ಎತ್ತದ ಪ್ರಶ್ನೆಯಾಗಿತ್ತು.

ದೊಡ್ಡಮ್ಮ ಊರಿಗೆಲ್ಲ ಹೆಸರಾದದ್ದು ಕರೆಂಟಿನ ಬರಗಾಲದಲ್ಲಿ. ಅಣೆಕಟ್ಟು ಒಣಗಿ, ಕಲ್ಲಿದ್ದಲಿನ ರೈಲು ತಡವಾಗಿ, ಭಾನುವಾರ ಬಿಟ್ಟು ದಿನಾ ಸರದಿಯ ಮೇಲೆ ಬಡಾವಣೆಗಳ ಕರೆಂಟು ತೆಗೆಯಬೇಕಾದ ಬೇಸಿಗೆಗಳು ಅವು. ಆ ಹೊತ್ತಿಗೆ ಕಂಟ್ರೋಲ್ ರೂಮಿಗೆ ಅವಳೇ ಮುಖ್ಯಸ್ಥೆ; ಯಾವ ಬೀದಿಯನ್ನು ಯಾವಾಗ ಕತ್ತಲು ಮಾಡಬೇಕೆಂದು ತೀರ್ಮಾನಿಸುವವಳು ಅವಳೇ. ಜನ ಅವಳಿಗೆ ಕತ್ತರಿ ಮೇಡಂ ಎಂದು ಹೆಸರಿಟ್ಟರು. ಅವಳು ಒಂದು ನಿಯಮ ಮಾಡಿಕೊಂಡಳು: ಸರದಿಯಲ್ಲಿ ಮೊದಲು ನಮ್ಮ ಬೀದಿ. ಯಾವ ದಿನವಾಗಲಿ, ಎಷ್ಟೇ ಕೊರತೆಯಿರಲಿ, ಮೊದಲ ಕತ್ತರಿ ಬೀಳುತ್ತಿದ್ದುದು ಅವಳ ಸ್ವಂತ ಮನೆಯ ಮೇಲೆ.

ಒಮ್ಮೆ ಮಂತ್ರಿಯೊಬ್ಬರ ಕಡೆಯಿಂದ ಫೋನು ಬಂತಂತೆ, ಸಾಹೇಬರ ಬೀದಿಯನ್ನು ಬಿಟ್ಟುಬಿಡಿ ಎಂದು. ದೊಡ್ಡಮ್ಮ ರೂಢಿಯಂತೆ ತಿರುಗಿ ಹೇಳಿದಳು: "ಸಾಹೇಬರ ಬೀದಿ ಬಿಟ್ಟುಬಿಡಬೇಕು. ಹಾಗೆ ಹೇಳಿದ್ದು ತಾನೆ? ಈ ಫೋನಲ್ಲಿ ಆಡಿದ ಮಾತೆಲ್ಲ ಟೇಪ್ ಆಗುತ್ತೆ, ಅದಕ್ಕೇ ಕೇಳಿದೆ." ಆ ಕಡೆ ಕೆಮ್ಮು ಕೇಳಿಸಿತು. "ನನ್ನ ಮನೇದು ತೆಗೆದಾಯ್ತು ಸಾರ್. ನಿಮ್ಮದು ಅದರ ಹಿಂದೆಯೇ ಇದೆ" ಎಂದು ಫೋನು ಇಟ್ಟಳು. ಇದು ಹೇಗೋ ಪತ್ರಿಕೆಯವರ ಕಿವಿಗೆ ಬಿದ್ದು ಅವಳ ಚಿತ್ರದೊಂದಿಗೆ ಅಚ್ಚಾಯಿತು. ದೊಡ್ಡಪ್ಪ ಅದನ್ನು ಕತ್ತರಿಸಿ ಗಾಜಿನ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದರು. ಸಂಜೆ ಬಂದವರೆಲ್ಲ ಅದರ ಕೆಳಗೆ ಕೂತು, "ನೋಡಿ, ಅಧಿಕಾರಿ ಅಂದ್ರೆ ಹೀಗಿರಬೇಕು, ತನ್ನ ಮನೆಯನ್ನೇ ಮೊದಲು..." ಎನ್ನುವರು. ಅಮ್ಮ ಅವರಿಗೆ ಕಾಫಿ ತಂದಿಟ್ಟು ಒಳಗೆ ಹೋಗುವಳು.

ಇಷ್ಟಕ್ಕೇ ನಿಂತಿದ್ದರೆ ನಾನು ಅವಳ ಬಗ್ಗೆ ಬರೆಯುತ್ತಿರಲಿಲ್ಲ. ಗೋಡೆಯ ಮೇಲೆ ಕಟ್ಟು ಹಾಕಿಸಿಟ್ಟಿರುವ ದೊಡ್ಡವರು ಮನೆಮನೆಗೂ ಒಬ್ಬೊಬ್ಬರಿರುತ್ತಾರೆ.

ಅಂಥದೊಂದು ಬೇಸಿಗೆಯಲ್ಲಿ ದೊಡ್ಡಮ್ಮ ಸಬ್‌ಸ್ಟೇಷನ್ನೊಂದರ ಮೆಟ್ಟಿಲಿಳಿಯುವಾಗ ಬಿದ್ದು ಕಾಲು ಮುರಿದುಕೊಂಡಳು. ಇಲ್ಲದ ಕೇಬಲ್ಲನ್ನು ಇಷ್ಟು ವರ್ಷ ದಾಟಿದವಳು ಇದ್ದ ಮೆಟ್ಟಿಲನ್ನು ಮರೆತಳೆಂದು ದೊಡ್ಡಪ್ಪ ಆಸ್ಪತ್ರೆಯಲ್ಲೇ ತಮಾಷೆ ಮಾಡಿ ಬೈಸಿಕೊಂಡರು. ಪ್ಲಾಸ್ಟರು ಹಾಕಿ ಮನೆಗೆ ಕಳಿಸಿದರು. ಮದುವೆಯಾಗಿ ಬಂದ ಮೇಲೆ ಮೊದಲ ಬಾರಿಗೆ ಅವಳು ಕೆಲಸದ ದಿನಗಳಲ್ಲಿ ಹಗಲೆಲ್ಲ ಮನೆಯಲ್ಲಿ ಉಳಿದಳು. ಹಜಾರದ ಮಂಚದ ಮೇಲೆ, ದಿಂಬಿನ ಮೇಲೆ ಕಾಲಿಟ್ಟು, ತನ್ನದೇ ಚಿತ್ರದ ಎದುರು. ನನಗೆ ರಜೆ. ಕೇರಂ ಆಡಲು ಜೊತೆ ಸಿಕ್ಕಿತೆಂದು ನನಗೆ ಖುಷಿ.

ಮೊದಲ ದಿನ, ತಿಂಡಿಯ ಪಾತ್ರೆ ತೊಳೆದು ಅಮ್ಮ ಅಡುಗೆಗೆ ಇಳಿದ ಹೊತ್ತಿಗೆ ಕರೆಂಟು ಹೋಯಿತು. ಮಿಕ್ಸಿ ಅರ್ಧ ಕೂಗಿ ಸುಮ್ಮನಾಯಿತು. ಫ್ಯಾನು ಉಸಿರು ಬಿಡುತ್ತ ನಿಧಾನವಾಗಿ ನಿಂತಿತು. ದೊಡ್ಡಮ್ಮ ಕೈಗಡಿಯಾರ ನೋಡಿಕೊಂಡು, "ಭೇಷ್, ಹುಡುಗರು ಸರಿಯಾದ ಹೊತ್ತಿಗೆ ತೆಗೆದಿದ್ದಾರೆ" ಎಂದಳು. ತಾನಿಲ್ಲದಿದ್ದರೂ ನಿಯಮ ನಡೆಯುತ್ತಿದೆಯೆಂಬ ತೃಪ್ತಿ ಅವಳ ಮುಖದಲ್ಲಿತ್ತು. ಹತ್ತಿರದಲ್ಲೇ ಬೀಸಣಿಗೆಯಾಗಬಹುದಾದ ಒಂದು ರಟ್ಟು ಬಿದ್ದಿತ್ತು, ಅದನ್ನು ಎತ್ತಿಕೊಂಡಳು.

ಆ ರಟ್ಟು ಬೀಸಿಕೊಳ್ಳುತ್ತ ಅವಳು ನೋಡತೊಡಗಿದಳು. ಬೇರೆ ಮಾಡಲು ಕೆಲಸವಿಲ್ಲದ, ನೋಡುವುದನ್ನೇ ಕಸುಬು ಮಾಡಿಕೊಂಡಿದ್ದವಳ ನೋಟ ಅದು. ಅಮ್ಮ ಮಿಕ್ಸಿಯ ಜಾರಿನಿಂದ ಅರೆಬರೆ ಅರೆದದ್ದನ್ನು ತೆಗೆದು ಹಿತ್ತಲಿನ ಕಲ್ಲಿನ ಮೇಲೆ ಅರೆದಳು. ಪಂಪು ಓಡದೆ ಮೇಲಿನ ಟ್ಯಾಂಕು ಬರಿದಾಗಿತ್ತು. ಕೆಳಗಿನ ತೊಟ್ಟಿಯಿಂದ ಕೊಡದಲ್ಲಿ ನೀರು ಹೊತ್ತು ತಂದು ಬಚ್ಚಲಿನ ಹಂಡೆ ತುಂಬಿದಳು. ಒಗೆಯುವ ಮಷೀನು ಹೊಟ್ಟೆ ತುಂಬ ಸೋಪಿನ ನೀರು ಇಟ್ಟುಕೊಂಡು ನಿಂತಿತ್ತು. ಅದರಿಂದ ಹಾಸಿಗೆಯ ಹೊದಿಕೆಗಳನ್ನು ಎಳೆದು ಕೈಯಲ್ಲಿ ಹಿಂಡಿದಳು. ಕರೆಂಟು ಬರುವಷ್ಟರಲ್ಲಿ ಇವೆಲ್ಲ ಮುಗಿದು, ಅಮ್ಮ ಬಾಗಿಲಿಗೊರಗಿ ನಿಂತಿದ್ದಳು. ಫ್ಯಾನು ತಿರುಗತೊಡಗಿದಾಗ ಅದರ ಕೆಳಗೆ ಕೂರಲು ಅವಳಿಗೆ ಬಿಡುವಿರಲಿಲ್ಲ. ದೊಡ್ಡಮ್ಮನ ಸ್ನಾನಕ್ಕೆ ನೀರು ಕಾಯಿಸಬೇಕಿತ್ತು.

ಮರುದಿನವೂ ಹಾಗೇ. ಅದರ ಮರುದಿನ ದೊಡ್ಡಮ್ಮ ಕೇರಂ ಕಾಯಿ ಕೈಯಲ್ಲಿ ಹಿಡಿದು ಆಡುವುದನ್ನೇ ಮರೆತಳು.

"ದಿನಾ ಹೀಗೇನಾ?" ಎಂದು ಕೇಳಿದಳು.

ಕೊಡ ಇಳಿಸುತ್ತ ಅಮ್ಮ ನಕ್ಕಳು. "ಹೀಗೇ ಅಂದ್ರೆ?"

"ಇದೇ, ಕರೆಂಟು ಹೋದಾಗ. ನನಗೆ ಹೇಳಬಾರದಾ?"

"ಏನಂತ ಹೇಳಲಿ ಅಕ್ಕ? ನಿಮ್ಮ ಮನೆ ಕರೆಂಟನ್ನ ನೀವು ತೆಗೀತೀರಿ. ಪೇಪರಲ್ಲೂ ಬಂತು. ಒಳ್ಳೇದೇ ಅಲ್ವಾ?" ಅಮ್ಮ ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಿಚ್ಚಿ ಮುಖ ಒರೆಸಿಕೊಂಡಳು. "ಆದ್ರೆ ಹಗಲು ಹೊತ್ತು ಈ ಮನೆ ಅಂದ್ರೆ ನಾನೇ ಅಲ್ವಾ ಅಕ್ಕ?"

ದೊಡ್ಡಮ್ಮನ ನಾಲಿಗೆ ತನ್ನ ರೂಢಿಯಂತೆ ಹೊರಟಿತು. "ಹಗಲು ಹೊತ್ತು ಈ ಮನೆ ಅಂದ್ರೆ..." ಎಂದವಳು ನಿಂತಳು. ಆಮೇಲೆ ಮೆಲ್ಲಗೆ, "...ನೀನೇ" ಎಂದಳು. ಯಾವಾಗಲೂ ಕೊನೆಗೆ ಬರುತ್ತಿದ್ದ "ಸರಿ" ಅಂದು ಬರಲಿಲ್ಲ.

ತನ್ನ ಮನೆಯದನ್ನು ಮೊದಲು ಕೊಟ್ಟೆನೆಂದು ಅಷ್ಟು ವರ್ಷ ನಂಬಿದವಳು, ಕೊಟ್ಟದ್ದು ಯಾರ ಪಾಲನ್ನು ಎಂಬುದನ್ನು ತನ್ನ ಬಾಯಿಂದಲೇ ಕೇಳಿಸಿಕೊಂಡಳು. ಅವಳಿಗೆ ಆ ಹೊತ್ತಿನಲ್ಲೆಲ್ಲ ಏಸಿಯ ತಂಪಿತ್ತು, ಮೈಮೇಲೆ ಕೋಟಿತ್ತು. ಇಲ್ಲಿ ಕೊಡ ಹೊತ್ತವಳಿಗೆ ಹಜಾರದ ಕಟ್ಟಿನಲ್ಲಿ ಹೆಸರಿರಲಿಲ್ಲ.

ಅವಳ ಸಂಕಟ ಸಣ್ಣದಾಗಿರಲಿಲ್ಲ. ಮರುದಿನ ಬೆಳಿಗ್ಗೆ ಒಂದು ಫೋನು ಮಾಡಿದರೆ ನಮ್ಮ ಬೀದಿ ಸರದಿಯಿಂದ ಹೊರಗೆ ಬೀಳುತ್ತಿತ್ತು. ಆದರೆ ಹಾಗೆ ಮಾಡಿದ ದಿನ ಅವಳಿಗೂ ಮಂತ್ರಿಯ ಕಡೆಯವನಿಗೂ ವ್ಯತ್ಯಾಸ ಉಳಿಯುತ್ತಿರಲಿಲ್ಲ. ಮುಂದೆ ಯಾರ ಬೀದಿ ತೆಗೆಯುವುದಕ್ಕೂ ಅವಳಿಗೆ ಹಕ್ಕಿರುತ್ತಿರಲಿಲ್ಲ. ಹಾಗೇ ಬಿಟ್ಟರೆ, ಎದುರಿಗೆ ದಿನಾ ಅದೇ ಕೊಡ. ಫೋನನ್ನು ಮಂಚದ ಪಕ್ಕಕ್ಕೆ ತರಿಸಿಕೊಂಡಳು, ಮುಟ್ಟಲಿಲ್ಲ. ಅಮ್ಮ ಅದನ್ನು ಕಂಡು, "ನಮ್ಮೊಬ್ಬರದು ಬಿಡಿಸಬೇಡಿ ಅಕ್ಕ. ಪಕ್ಕದ ಮನೆಯವರ ಮುಖ ನೋಡೋದು ನಾನು, ನೀವಲ್ಲ" ಎಂದಳು.

"ನಮ್ಮೊಬ್ಬರದು ಬಿಡಿಸಬಾರದು, ಸರಿ. ಮತ್ತೆ ಯಾವಾಗ ತೆಗೀಲಿ ಹೇಳು. ತೆಗೆಯೋದಂತೂ ತೆಗೀಲೇಬೇಕು."

ಅಮ್ಮನಿಗೆ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವಳು ಸ್ವಲ್ಪ ಯೋಚಿಸಿ ಹೇಳಿದ ಉತ್ತರಕ್ಕೆ ದೊಡ್ಡಮ್ಮ ಸಿದ್ಧಳಿರಲಿಲ್ಲ: "ಊಟ ಆಗಿ, ಪಾತ್ರೆ ತೊಳೆದಾದ ಮೇಲೆ ತೆಗೀರಿ. ಮಕ್ಕಳು ಆಟ ಮುಗಿಸಿ ಬರೋವರೆಗೂ. ಆಗ ಕರೆಂಟಿಲ್ಲ ಅಂದ್ರೆ ಇಸ್ತ್ರಿ ಯಾಕಾಗಿಲ್ಲ ಅಂತ ಯಾರೂ ಕೇಳಲ್ಲ. ಇದ್ರೆ, ಖಾಲಿ ಕೂತಿದ್ದೀನಲ್ಲ ಅಂತ ನನಗೇ ಅನ್ನಿಸಿ ಎದ್ದುಬಿಡ್ತೀನಿ."

"ಬೇಸಿಗೇಲಿ ಫ್ಯಾನಿಲ್ಲದೆ?"

"ಹಿಂದಿನ ಮೆಟ್ಟಿಲ ಮೇಲೆ ನೆರಳಿರುತ್ತೆ. ಕೂರೋಕೆ ಬಿಟ್ಟರೆ ಗಾಳಿ ತಾನಾಗೇ ಬರುತ್ತೆ."

ದೊಡ್ಡಮ್ಮ ಅಂದಿನಿಂದ ಮಂಚದ ಮೇಲೇ ಕಚೇರಿ ತೆರೆದಳು. ಬೀದಿಯ ಹೆಂಗಸರು ಕಾಲು ನೋಡುವ ನೆಪದಲ್ಲಿ ಒಬ್ಬೊಬ್ಬರೇ ಬಂದರು. ಪ್ರತಿಯೊಬ್ಬರನ್ನೂ ಅದೇ ಪ್ರಶ್ನೆ ಕೇಳಿದಳು, ಪ್ರತಿಯೊಂದು ಉತ್ತರವನ್ನೂ ತಿರುಗಿ ಹೇಳಿ ಖಚಿತಪಡಿಸಿಕೊಂಡಳು. ಮೂಲೆಮನೆಯ ದರ್ಜಿಯಾಕೆಗೆ ಮಧ್ಯಾಹ್ನ ಮಷೀನಿನ ಮೋಟಾರು ಬೇಕೇ ಬೇಕಿತ್ತು. ಅವಳನ್ನು ಬಿಟ್ಟರೆ, ಮಾತು ಬೇರೆಯಾದರೂ ಎಲ್ಲರ ಉತ್ತರ ಒಂದೇ: ಕೆಲಸದ ನಡುವೆ ಬೇಡ, ಕೆಲಸ ಮುಗಿದ ಮೇಲೆ ತೆಗೆಯಿರಿ. ದರ್ಜಿಯಾಕೆ ಹೋಗುವಾಗ, "ನನ್ನದೊಂದು ಹೊತ್ತು ಹೋದ್ರೆ ಹೋಗಲಿ ಬಿಡಿ. ಕರೆಂಟಿಲ್ಲ ಅಂದ್ರೆ ಗಿರಾಕಿಗಳೂ ಪೀಡಿಸಲ್ಲ" ಎಂದು ನಕ್ಕಳು.

ಪ್ಲಾಸ್ಟರು ತೆಗೆದ ಮೇಲೆ ಕೋಲೂರಿಕೊಂಡು ಕಚೇರಿಗೆ ಹೋದವಳು ನೇರವಾಗಿ ದೊಡ್ಡ ಸಾಹೇಬರ ಕೋಣೆಗೆ ಹೋದಳಂತೆ. ಮುಂದಿನದನ್ನು ನಾನು ಅವಳ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೇನೆ, ಒಂದೊಂದು ಸಲವೂ ಸಾಹೇಬರ ಹೊಟ್ಟೆ ಸ್ವಲ್ಪ ದೊಡ್ಡದಾಗುತ್ತಿತ್ತು. ಅಡುಗೆ ಹೊತ್ತಿನಲ್ಲಿ ಮನೆಗಳ ಕರೆಂಟು ತೆಗೆಯಬಾರದು ಎಂದಳು ಇವಳು. ಆ ಹೊತ್ತಲ್ಲಿ ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ, ಮನೆಗಳೆಲ್ಲ ಖಾಲಿ ಎಂದರು ಅವರು.

"ಹಾಗಂತ ನಾನೂ ತಿಳ್ಕೊಂಡಿದ್ದೆ ಸಾರ್."

"ಮತ್ತೆ ಕೊರತೆ ಎಲ್ಲಿಂದ ತುಂಬ್ತೀರಮ್ಮ?"

"ಮೊದಲು ನಮ್ಮ ಬೀದಿ ಸಾರ್. ಅದು ಬದಲಾಗಲ್ಲ. ಹಗಲು ಹೊತ್ತು ನಾವಿರೋದು ಈ ಬೀದೀಲಿ ತಾನೆ? ಈ ಬೀದಿಯ ಕಚೇರಿಗಳೆಲ್ಲ ಮೊದಲು."

"ಕರೆಂಟು ಇಲಾಖೆಗೇ ಕರೆಂಟಿಲ್ಲ ಅಂದ್ರೆ ಜನ ನಗಲ್ವಾ?"

"ಈಗ ಬೈತಿದ್ದಾರೆ ಸಾರ್. ನಗೋದು ವಾಸಿ."

ಆ ಬೇಸಿಗೆಯ ಉಳಿದ ದಿನಗಳಲ್ಲಿ ಊರಿನ ಸರ್ಕಾರಿ ಕಚೇರಿಗಳ ಬೀದಿ ಬೆಳಗಿನ ಹೊತ್ತು ಬೆವರಿತು, ಮನೆಗಳ ಸರದಿ ಊಟದ ನಂತರಕ್ಕೆ ಸರಿಯಿತು. ಕಂಟ್ರೋಲ್ ರೂಮಿನಲ್ಲಿ ಯಂತ್ರಗಳಿಗೆ ಬ್ಯಾಟರಿಯಿತ್ತು, ಮನುಷ್ಯರ ತಂಪಿಗೆ ಇರಲಿಲ್ಲ. ದೊಡ್ಡಮ್ಮ ಅಲ್ಲಿ ಮೊದಲ ಬಾರಿ ಕೋಟು ಕಳಚಿ, ಕಿಟಕಿ ತೆರೆದು ಕೂತಳಂತೆ. ಅಂದು ಬೀದಿಯ ತುದಿಯಲ್ಲಿ ಅವಳು ಕಾಣಿಸಿಕೊಂಡಾಗ ನಾನು ಗುರುತಿಸಲಿಲ್ಲ. ಕೋಟು ತೋಳಿನ ಮೇಲಿತ್ತು, ರವಿಕೆ ಮೈಗೆ ಅಂಟಿತ್ತು. ಕಾಲೆತ್ತಿಡುವ ನಡಿಗೆ ಮಾತ್ರ ಅವಳದೇ. ಅಮ್ಮ ಹಿತ್ತಲಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು; ಬೀದಿಯುದ್ದಕ್ಕೂ ಹಿತ್ತಲಿನ ಮೆಟ್ಟಿಲುಗಳ ಮೇಲೆ ಹೆಂಗಸರು ಹಾಗೆ ಕೂತು ಗೋಡೆಯಾಚೆಯಿಂದ ಮಾತಾಡುತ್ತಿದ್ದರು. ದೊಡ್ಡಮ್ಮ ತಾನೇ ನೀರು ತೆಗೆದುಕೊಂಡು ಕುಡಿದಳು. ಕೋಟನ್ನು ತಾನೇ ಮೊಳೆಗೆ ಹಾಕಿದಳು. ಸುದ್ದಿಯಾಗುವಂಥ ಕೆಲಸವೇನಲ್ಲ, ಆದರೆ ಅಮ್ಮ ತಿರುಗಿ ನೋಡಿದ್ದು ನನಗೆ ನೆನಪಿದೆ.

ಮುಂದಿನ ವರ್ಷ ಅವಳಿಗೆ ಬಡ್ತಿ ಬಂತು. ಸ್ವಿಚ್ಚು, ಫೋನು ಎರಡೂ ಇಲ್ಲದ ತರಬೇತಿ ಕೇಂದ್ರಕ್ಕೆ. ಕಚೇರಿಯ ಫ್ಯಾನು ನಿಂತ ಸಿಟ್ಟನ್ನು ಸರ್ಕಾರ ಹೀಗೆ ಗೌರವದಿಂದ ತೀರಿಸಿಕೊಳ್ಳುತ್ತದೆ. ಬೆಳಗಿನ ಕತ್ತರಿ ಮತ್ತೆ ಮನೆಗಳಿಗೆ ಬಂತು. ದೊಡ್ಡಮ್ಮ ಸ್ವಲ್ಪ ಕಾಲ ಮಂಕಾಗಿ ಓಡಾಡಿದಳು. ಆಮೇಲೆ ಊರಿನ ವಿದ್ಯುತ್ ವಿತರಣೆ ಒಂದು ಖಾಸಗಿ ಕಂಪನಿಯ ಕೈಗೆ ಹೋದಾಗ, ಅವರು ಕರೆದರು. ಇವಳು ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಟಳು. ಸಂಬಳದ ಆಸೆಗೆ ಹೋದಳೆಂದು ನೆಂಟರು ಆಡಿಕೊಂಡರು. "ಹೌದು, ಸಂಬಳ ಜಾಸ್ತಿ. ಕಂಟ್ರೋಲ್ ರೂಮೂ ಕೊಡ್ತಾರೆ. ಎರಡೂ ಬೇಕು ನನಗೆ" ಎಂದು ಅವರ ಮುಖದ ಮೇಲೇ ಹೇಳಿದಳು. ಖಾಸಗಿಯವರು ಧರ್ಮಾತ್ಮರೆಂಬ ಭ್ರಮೆ ಅವಳಿಗಿರಲಿಲ್ಲ. ಗಿರಾಕಿ ಬೈದರೆ ಅವರಿಗೆ ನಷ್ಟ. ಆ ಹೆದರಿಕೆಯನ್ನು ಬಳಸಿಕೊಳ್ಳಬಹುದೆಂಬ ಲೆಕ್ಕಾಚಾರವಿತ್ತು. ಯಾವ ಬೀದಿಯಲ್ಲಿ ರಿಪೇರಿಗೆಂದು ಕರೆಂಟು ತೆಗೆಯಬೇಕಾದರೂ, ಮೊದಲು ಆ ಬೀದಿಯಲ್ಲಿ ಹಗಲು ಮನೆಯಲ್ಲಿರುವವರಿಗೆ ಫೋನು ಮಾಡಿ ಹೊತ್ತು ಕೇಳಬೇಕೆಂದು ಅಲ್ಲಿ ನಿಯಮ ಮಾಡಿದಳು. ನಮ್ಮ ಬೀದಿಯ ಫೋನು ಅಮ್ಮನಿಗೆ. "ಇನ್ನೊಂದು ಸ್ವಲ್ಪ ತಡೀರಿ ಅಕ್ಕ, ಬಟ್ಟೆ ಇನ್ನೂ ಮಷೀನಲ್ಲಿದೆ" ಎಂದು ಅಮ್ಮ ಹೇಳುವುದು, ಆ ಕಡೆಯಿಂದ "ಬಟ್ಟೆ ಮಷೀನಲ್ಲಿದೆ, ಸ್ವಲ್ಪ ತಡೀಬೇಕು, ಸರಿ" ಎಂದು ಗಂಭೀರ ಧ್ವನಿ ಬರುವುದು, ಊರಿನ ಒಂದು ಮೂಲೆಯ ರಿಪೇರಿಯೇ ನಮ್ಮ ಹೊದಿಕೆಗಳಿಗಾಗಿ ಕಾಯುವುದು, ಮನೆಯಲ್ಲಿ ಮಾಮೂಲಾಯಿತು.

ಒಮ್ಮೆ ಕಂಪನಿಯವರು ಹೀಗೆ ಹೊತ್ತು ಹೇಳುವ ಹೆಂಗಸರನ್ನೆಲ್ಲ ಕಂಟ್ರೋಲ್ ರೂಮು ನೋಡಲು ಕರೆದರು. ಅಮ್ಮನ ಜೊತೆ ನಾನೂ ಹೋಗಿದ್ದೆ. ಆಗಲೇ ನನಗೆ ಕೆಲಸ ಸಿಕ್ಕಿತ್ತು. ಒಳಗೆ ಕಾಲಿಡುತ್ತಲೇ ಅಮ್ಮ ಚಳಿಗೆ ಮೈ ಮುದುಡಿದಳು. ದೊಡ್ಡಮ್ಮ ತನ್ನ ಬೂದಿಬಣ್ಣದ ಕೋಟು ಕಳಚಿ ಅವಳ ಹೆಗಲಿಗೆ ಹೊದಿಸಿದಳು. ಎದುರಿನ ಗೋಡೆಯ ಪರದೆಯಲ್ಲಿ ಊರು ಆ ದಿನ ಬಳಸಿದ ಕರೆಂಟಿನ ಗೆರೆ ಏರುತ್ತ ಇಳಿಯುತ್ತ ಹೋಗಿತ್ತು. ಅಮ್ಮ ಬಹಳ ಹೊತ್ತು ನೋಡಿ, "ಇದರಲ್ಲಿ ನಾನೆಲ್ಲಿದ್ದೀನಿ ಅಕ್ಕ?" ಎಂದು ಕೇಳಿದಳು. ತಮಾಷೆಗೆ ಕೇಳಿದಳೋ ನಿಜಕ್ಕೂ ಕೇಳಿದಳೋ ತಿಳಿಯಲಿಲ್ಲ. ದೊಡ್ಡಮ್ಮ ತಮಾಷೆಯೆಂದು ತಿಳಿಯಲಿಲ್ಲ. ತೋರುಕೋಲಿನಿಂದ ಗೆರೆಯ ಮೊದಲ ಏರನ್ನು ಮುಟ್ಟಿ, "ಇಲ್ಲಿ ನೀನು ಏಳ್ತೀಯ" ಎಂದಳು. "ಇಲ್ಲಿ ಅಡುಗೆ. ಇಲ್ಲಿ ಪಂಪು, ಬಟ್ಟೆ." ಮಧ್ಯಾಹ್ನದ ತಗ್ಗಿನಲ್ಲಿ ಕೋಲು ನಿಂತಿತು. "ಇಲ್ಲಿ ನೀವೆಲ್ಲ ಮೆಟ್ಟಿಲ ಮೇಲೆ."

"ಇಲ್ಲಿ ನಾವೆಲ್ಲ ಮೆಟ್ಟಿಲ ಮೇಲೆ. ಸರಿ" ಎಂದಳು ಅಮ್ಮ. ಕೋಣೆಯ ಎಂಜಿನಿಯರುಗಳು ನಕ್ಕರು. ಅವರಿಬ್ಬರು ನಗಲಿಲ್ಲ.

ಈಗ ದೊಡ್ಡಮ್ಮ ನಿವೃತ್ತಳು. ಊರಿಗೆ ಕರೆಂಟಿನ ಕೊರತೆಯಿಲ್ಲ. ಇಸ್ತ್ರಿಯ ಕೆಲಸ ಅವಳು ವಹಿಸಿಕೊಂಡಿದ್ದಾಳೆ. ಕಾಲರು ಸುಡುತ್ತಾಳೆ, ಆದರೆ ಬಿಡುವುದಿಲ್ಲ. ದೊಡ್ಡಪ್ಪನಿಗೂ ಅಪ್ಪನಿಗೂ ಪಾತ್ರೆ ತೊಳೆಯುವ ಪಾಳಿ ಹಾಕಿದ್ದಾಳೆ. ಇಬ್ಬರೂ ಗೊಣಗುತ್ತ, ಪಾಳಿ ತಪ್ಪಿಸುವ ಉಪಾಯ ಹುಡುಕುತ್ತ, ಸಿಗದೆ ತೊಳೆಯುತ್ತಾರೆ. ಮಧ್ಯಾಹ್ನ ಊಟವಾಗಿ ಪಾತ್ರೆ ಒಳಗೆ ಸೇರಿದ ಮೇಲೆ ಅವಳು ಎದ್ದು, ಇಲ್ಲದ ಕೇಬಲ್ಲುಗಳನ್ನು ದಾಟುತ್ತ ಹಜಾರದ ಮೂಲೆಗೆ ಹೋಗಿ ಮನೆಯ ಮೇನ್ ಸ್ವಿಚ್ಚು ಕೆಳಗಿಳಿಸುತ್ತಾಳೆ. ಟಿವಿಯ ಮುಂದಿನ ದೊಡ್ಡಪ್ಪ, "ಮತ್ತೆ ಶುರುವಾಯ್ತಾ ನಿನ್ನ ಕತ್ತರಿ" ಎಂದು ಕೂಗುತ್ತಾರೆ. "ಮೊದಲು ನಮ್ಮ ಮನೆ" ಎಂದು ಅವಳ ಉತ್ತರ. ಆಮೇಲೆ ಹಿತ್ತಲಿನ ಮೆಟ್ಟಿಲ ಮೇಲೆ ಅಮ್ಮನ ಪಕ್ಕ ಹೋಗಿ ಕೂರುತ್ತಾಳೆ.

ನ್ಯಾಯವಂತರೆನಿಸಿಕೊಂಡವರನ್ನು ನಾನು ಬಹಳ ಜನರನ್ನು ನೋಡಿದ್ದೇನೆ. ಊರಿಗಾಗಿ ಮೊದಲು ತಮ್ಮ ಮನೆಯದನ್ನು ಕೊಟ್ಟುಬಿಡುವವರು ಅವರು. ಕೈ ದೊಡ್ಡದು, ಹೆಸರೂ ದೊಡ್ಡದು. ಕೊಟ್ಟದ್ದು ಮನೆಯೊಳಗೆ ಯಾರ ಉಸಿರಿನಿಂದ ತೆಗೆದದ್ದೆಂದು ಅವರಲ್ಲಿ ಬಹುಪಾಲು ಜನ ಕೊನೆಯವರೆಗೂ ಕೇಳಿಕೊಳ್ಳುವುದಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಅವರು ಮನೆಯಲ್ಲಿರುವುದಿಲ್ಲ. ಕೆಲವರಿಗೆ ಮಾತ್ರ, ಕಾಲು ಮುರಿದೋ ಮತ್ತೇನಾದರೂ ಆಗಿಯೋ, ಒಂದು ಹಗಲು ಮನೆಯಲ್ಲಿ ಉಳಿಯುವ ಪುಣ್ಯ ಸಿಗುತ್ತದೆ. ಅವರಲ್ಲೂ ಕಂಡದ್ದನ್ನು ತಮ್ಮ ಬಾಯಿಂದ ಒಮ್ಮೆ ಹೇಳಿಕೊಂಡು, ಹೇಳಿದ ಮೇಲೆ ಸ್ವಿಚ್ಚಿಗೆ ಕೈ ಹಾಕುವವರು ಇನ್ನೂ ಕಡಿಮೆ. ಅಂಥವರ ಮನೆಯಲ್ಲಿ ಮಧ್ಯಾಹ್ನ ಸ್ವಲ್ಪ ಸೆಖೆಯಿರುತ್ತದೆ, ನಿಜ. ಆದರೆ ಹಿಂದಿನ ಮೆಟ್ಟಿಲ ಮೇಲೆ ಇಬ್ಬರು ಕೂರುವಷ್ಟು ಜಾಗವೂ, ಅವರಿಗೆ ಸಾಕಾಗುವಷ್ಟು ಗಾಳಿಯೂ ಇರುತ್ತದೆ.